ಗುರ್ಜಿ ತಂದ ಆರು ಮಿಲಿಮೀಟರ್

ಮಳೆಮಾಪಕದ ಬಾಯಿ ನಮ್ಮ ಮನೆಯ ಜೋಳದ ರೊಟ್ಟಿಗಿಂತ ಸುತ್ತಲೂ ಎರಡು ಬೆರಳು ಚಿಕ್ಕದು. ರೊಟ್ಟಿಯನ್ನೇ ಅದರ ಮೇಲೆ ಇಟ್ಟು ನೋಡಿ ನಾನು ಇದನ್ನು ತಿಳಿದುಕೊಂಡಿದ್ದೆ. ಅಂಗಳದ ನಡುವೆ, ದೊಡ್ಡವರ ಮೊಣಕಾಲಿಗೂ ಬಾರದಷ್ಟು ಎತ್ತರಕ್ಕೆ ನೆಟ್ಟಿದ್ದ ಆ ಡಬ್ಬಿಯ ಮೇಲೆ ರೊಟ್ಟಿ ಮುಚ್ಚಳದ ಹಾಗೆ ಕೂತಿತು, ಅಂಚುಗಳು ಮಾತ್ರ ಹೊರಗೆ ಚಾಚಿದವು. ಅವ್ವ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಬೈಯಲಿಲ್ಲ. ಒಳಗೆ ಹೋಗಿ ಒಂದು ಒಣ ಬಟ್ಟೆ ತಂದು ನನ್ನ ಕೈಗಿಟ್ಟಳು.

“ಅಂಚಿಗೆ ಹತ್ತಿದ ಹಿಟ್ಟು ಒರಸು. ಮೊದಲನೇ ಹನಿ ಬೀಳೂದ ತಡ, ರಾಡಿ ಆಗತೈತಿ. ರೊಟ್ಟಿ ನೀ ತಿನ್ನು, ಇಲ್ಲಾಂದ್ರ ಆಕಳಿಗೆ ಹಾಕು. ಇಲ್ಲಿ ಇಡಬ್ಯಾಡ.”

ನಾನು ಒರೆಸಿದೆ. ಅಂಚು ಎಷ್ಟು ತೆಳುವಾಗಿದೆ ಎಂದು ಆಗಲೇ ಬೆರಳಿಗೆ ತಿಳಿದದ್ದು. ಬಿದ್ದ ಹನಿ ಒಳಗಿನದೋ ಹೊರಗಿನದೋ ಎಂಬ ಅನುಮಾನ ಉಳಿಯಬಾರದು, ಅದಕ್ಕೇ ಅಂಚನ್ನು ಹಾಗೆ ತೆಳ್ಳಗೆ ಮಾಡಿರುತ್ತಾರೆ ಎಂದು ಅವ್ವ ಹೇಳಿದಳು. ನಮ್ಮ ಮನೆಯಲ್ಲಿ ಬೇರೆ ಯಾವ ವಸ್ತುವಿಗೂ ಅಂಥ ಅಂಚು ಇರಲಿಲ್ಲ. ತಾಟುಗಳ ಅಂಚು ಮಡಚಿರುತ್ತಿತ್ತು, ಕೊಡಗಳದು ಜಜ್ಜಿರುತ್ತಿತ್ತು, ಮಾತುಗಳಿಗಂತೂ ಅಂಚೇ ಇರುತ್ತಿರಲಿಲ್ಲ.

ನಮ್ಮ ಮನೆ ಇದ್ದದ್ದು, ಈಗಲೂ ಇರುವುದು, ಮೂಡಲಗಿಯಲ್ಲಿ ಗೋಕಾಕದ ಕಡೆಗೆ ಹೋಗುವ ರಸ್ತೆಯ ಮೇಲೆ. ಆ ಕಾಲಕ್ಕೆ ಊರು ನಮ್ಮ ಮನೆಗೆ ಮುಗಿಯುತ್ತಿತ್ತು. ಆಚೆಗೆ ಎರೆಹೊಲ, ಬೇಸಿಗೆಯಲ್ಲಿ ಅದರ ಬಿರುಕುಗಳು, ಬಿರುಕಿನ ಮೇಲೆ ಕುಣಿಯುವ ಬಿಸಿಗಾಳಿ. ಮನೆ ರಸ್ತೆಯಿಂದ ಹಿಂದಕ್ಕೆ ಸರಿದು ಕೂತಿತ್ತು. ಮುಂದೆ ಅಗಲವಾದ ಅಂಗಳ, ಅಂಗಳ ದಾಟಿದರೆ ಕಟ್ಟೆ, ಪಡಸಾಲೆ, ಅದರ ಎಡಕ್ಕೆ ಆಯಿಯ ಪೂಜೆಯ ಮೂಲೆ, ಹಿಂದೆ ಹಗಲಿನಲ್ಲೂ ದೀಪ ಬೇಕಾಗುವ ಅಡುಗೆಮನೆ. ಆಯಿ ಎಂದರೆ ಅಪ್ಪನ ತಾಯಿ. ಮನೆಯೂ ಅಂಗಳವೂ ಅವಳ ಹೆಸರಿನಲ್ಲಿದ್ದವು. ಅಪ್ಪನಿಗೆ ಪೇಟೆಯಲ್ಲಿ ಪೈಪು ಮತ್ತು ಪಂಪಿನ ಅಂಗಡಿ. ಕಾಕಾ, ಅಪ್ಪನ ತಮ್ಮ, ಅದೇ ಅಂಗಡಿಯಲ್ಲಿ ಕೂರುತ್ತಿದ್ದ. ಈಗ ಆ ಅಂಗಳ ಇಲ್ಲ. ಅಲ್ಲಿ ರಸ್ತೆಗೆ ಮುಖ ಮಾಡಿ ಎರಡು ಅಂಗಡಿಗಳಿವೆ, ಒಂದು ಕಾಕಾನ ಬೀಜ-ಗೊಬ್ಬರದ್ದು, ಇನ್ನೊಂದು ಬಾಡಿಗೆಗೆ ಕೊಟ್ಟ ಮೊಬೈಲ್ ರಿಪೇರಿಯದು. ಊರು ನಮ್ಮ ಮನೆಯನ್ನು ದಾಟಿ ಕಲ್ಲೋಳಿಯ ದಿಕ್ಕಿಗೆ ಬಹಳ ದೂರ ಹೋಗಿದೆ. ಮಳೆಮಾಪಕ ಮಾಳಿಗೆಯ ಮೇಲಿದೆ. ಮಾಳಿಗೆಯ ಗಾಳಿಗೆ ಹನಿಗಳು ಅಡ್ಡ ಹಾರುವುದರಿಂದ ಅಲ್ಲಿನ ಅಳತೆ ನೆಲದ ಅಳತೆಗಿಂತ ಕಡಿಮೆ ಬರುತ್ತದೆ, ಅದಕ್ಕೆ ಅವ್ವ ಪ್ರತಿ ಅಂಕಿಯ ಮುಂದೆ ‘ಮಾಳಿಗೆ’ ಎಂದು ಸೇರಿಸುತ್ತಾಳೆ. ಅದನ್ನು ಯಾರೂ ಕೇಳುವುದಿಲ್ಲ. ಆದರೂ ಸೇರಿಸುತ್ತಾಳೆ.

ಅವ್ವ ಹುಕ್ಕೇರಿಯವಳು. ಅಲ್ಲಿಗೂ ನಮಗೂ ಒಂದು ಹೊತ್ತಿನ ಬಸ್ಸಿನ ದಾರಿ, ಅಷ್ಟೇ. ಆದರೆ ಪಡುವಣದಿಂದ ಬರುವ ಮೋಡಗಳು ಅಲ್ಲಿ ಅಷ್ಟಿಷ್ಟು ಇಳಿಸಿ, ಘಟಪ್ರಭಾ ದಾಟುವ ಹೊತ್ತಿಗೆ ಬರಿಗೈಯಾಗಿ, ನಮ್ಮ ತಲೆಯ ಮೇಲಿಂದ ಬರೀ ನೆರಳು ತೋರಿಸಿ ಹೋಗುತ್ತಿದ್ದವು. ಮದುವೆಯಾಗಿ ಬಂದ ಮೊದಲ ಮಳೆಗಾಲದಲ್ಲಿ ಅವ್ವ ದಿನವೂ ಕಟ್ಟೆಯ ಮೇಲೆ ನಿಂತು ಆ ಮೋಡಗಳನ್ನು ನೋಡುತ್ತಿದ್ದಳಂತೆ. ತವರನ್ನು ನೆನೆದು ಅಳುತ್ತಾಳೆ ಎಂದು ಆಯಿ ತಿಳಿದುಕೊಂಡಿದ್ದಳು. ಅವ್ವ ಅಳುತ್ತಿರಲಿಲ್ಲ, ಎಷ್ಟು ಕಡಿಮೆ ಎಂದು ತಿಳಿಯಬೇಕೆಂದು ಅವಳಿಗೆ ಅನ್ನಿಸಿತ್ತು. ಗೋಕಾಕದಲ್ಲಿ ಬಿ.ಎ. ಓದುವಾಗ ಭೂಗೋಳದ ವಿಭಾಗದಲ್ಲಿ ಮಳೆ ಅಳೆಯಲು ಕಲಿತಿದ್ದಳು. ಆ ವಿಭಾಗ ಮುಚ್ಚಿದಾಗ ಮೂಲೆಗೆ ಬಿದ್ದ ಮಾಪಕ, ಅಳತೆಯ ಗ್ಲಾಸು, ಎರಡು ಉಷ್ಣಮಾಪಕಗಳನ್ನು ಹಳೆಯ ಮೇಡಂ ಒಬ್ಬರನ್ನು ಕೇಳಿ ಪಡೆದು, ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ತಂದಳು. ಉಷ್ಣಮಾಪಕಗಳಿಗೆ ನೆರಳೂ ಬೇಕು, ಗಾಳಿಯೂ ಬೇಕು. ಅದಕ್ಕೆ ನಾಲ್ಕು ಕಾಲಿನ, ಓರೆ ಪಟ್ಟಿಗಳ ಬಿಳಿ ಪೆಟ್ಟಿಗೆಯನ್ನು ಊರಿನ ಬಡಿಗೇರರಿಂದ ಮಾಡಿಸಿದಳು. ಪೆಟ್ಟಿಗೆ ಮುಗಿಯುವ ತನಕ ಅವರಿಗೆ ಸಮಾಧಾನವಿರಲಿಲ್ಲ.

“ಪಾರಿವಾಳದ ಗೂಡಲ್ಲ ಅಂತೀರಿ, ದೇವರ ಮಂಟಪ ಅಲ್ಲ ಅಂತೀರಿ. ಮತ್ತ ಏನ್ರಿ ತಂಗೆವ್ವಾರ ಇದು? ನಾಳೆ ಮಂದಿ ಕೇಳಿದ್ರ ನಾ ಏನ ಹೇಳ್ಲಿ?”

“ನೆರಳಿಗೆ ಒಂದು ಮನಿ ಅಂತ ಹೇಳ್ರಿ.”

ಅವರು ಹಾಗೆ ಹೇಳಲಿಲ್ಲವೆಂದು ಕಾಣುತ್ತದೆ. ಸಂತೆಗೆ ಹೋಗುವ ಕೆಲವು ಮುದುಕಿಯರು ರಸ್ತೆಯಿಂದಲೇ ಆ ಪೆಟ್ಟಿಗೆಗೆ ಕೈ ಮುಗಿಯುತ್ತಿದ್ದರು.

ಬೆಳಿಗ್ಗೆ ಎಂಟೂವರೆಗೆ ನಮ್ಮ ಮನೆಯಲ್ಲಿ ಇಬ್ಬರು ಹೆಂಗಸರನ್ನು ಮಾತನಾಡಿಸುವಂತಿರಲಿಲ್ಲ. ಆ ಹೊತ್ತಿಗೆ ಆಯಿ ಮಿಂದು, ಹಣೆಗೆ ವಿಭೂತಿ ಧರಿಸಿ, ಎಡ ಅಂಗೈಯಲ್ಲಿ ಲಿಂಗವಿಟ್ಟುಕೊಂಡು ಅದರ ಮೇಲೆ ತೆಳ್ಳಗೆ ನೀರು ಬಿಡುತ್ತಿದ್ದಳು. ಅಂಗಳದಲ್ಲಿ ಅವ್ವ ಮಾಪಕದ ಒಳಗಿನ ಬಾಟಲಿಯನ್ನು ತೆಗೆದು, ಅದರಲ್ಲಿ ಏನಾದರೂ ಇದ್ದರೆ ಅಳತೆಯ ಗ್ಲಾಸಿಗೆ ತೆಳ್ಳಗೆ ಬಿಡುತ್ತಿದ್ದಳು. ಇಬ್ಬರ ಕಣ್ಣೂ ಕೈಯ ಮೇಲೆ. ಇಬ್ಬರ ಬೆನ್ನೂ ನೆಟ್ಟಗೆ. ಒಂದೇ ಬಾಗಿಲ ಚೌಕಟ್ಟಿನ ಒಳಗೆ ಒಬ್ಬಳು, ಹೊರಗೆ ಒಬ್ಬಳು. ಶಾಲೆಗೆ ಹೊರಟು ಹೊಸ್ತಿಲಲ್ಲಿ ಬೂಟಿನ ಲೇಸು ಕಟ್ಟಿಕೊಳ್ಳುತ್ತಿದ್ದ ನನಗೆ ಇವೆರಡೂ ಒಂದೇ ಕೆಲಸವೆಂದು ಬಹಳ ಕಾಲ ಅನ್ನಿಸಿತ್ತು. ಈಗಲೂ ಯಾರಾದರೂ ಏನನ್ನಾದರೂ ಅಳೆಯುತ್ತಿದ್ದರೆ ನಾನು ಮಾತು ನಿಲ್ಲಿಸುತ್ತೇನೆ. ತರಕಾರಿ ತೂಗುವವರು ಇದನ್ನು ತಪ್ಪು ತಿಳಿದುಕೊಳ್ಳುತ್ತಾರೆ.

ನನಗೆ ಅಂಕಿ ಓದಲು ಬಂದ ಮೇಲೆ ಅವ್ವ ಗ್ಲಾಸು ಹಿಡಿಯುವುದನ್ನು ಕಲಿಸಿದಳು. ನೆಲಕ್ಕೆ ಕೂರಬೇಕು, ಕಣ್ಣನ್ನು ನೀರಿನ ಮಟ್ಟಕ್ಕೆ ತರಬೇಕು, ನೀರಿನ ನಡುವಿನ ತಗ್ಗನ್ನು ನೋಡಬೇಕು, ಬದಿಗೆ ಏರಿದ್ದನ್ನಲ್ಲ. ಇವೆಲ್ಲ ಕೈಗೆ ಬೇಗ ಬಂದವು. ಅವಳು ಮತ್ತೆ ಮತ್ತೆ ಹೇಳಿದ ನಿಯಮ ಬೇರೆ.

“ಮಂದಿ ಬಂತು ಅಂತಾರ, ಬಂದಿಲ್ಲ ಅಂತಾರ. ನೀ ಯಾರ ಮಾತೂ ಕೇಳಬ್ಯಾಡ. ನಿನ್ನ ಕಣ್ಣಿಗೆ ಕಂಡದ್ದನ್ನೂ ನಂಬಬ್ಯಾಡ. ಗ್ಲಾಸಿನ್ಯಾಗ ಎಷ್ಟ ಐತೋ ಅಷ್ಟ ಬರಿ.”

ಬರೆಯುತ್ತಿದ್ದದ್ದು ಬಾಗಿಲ ಪಕ್ಕದ ಕರಿಹಲಗೆಯ ಮೇಲೆ. ಅಪ್ಪನ ಅಂಗಡಿಯ ಹಳೆಯ ಬೋರ್ಡಿಗೆ ಕಪ್ಪು ಬಳಿದು, ಬಿಳಿಯ ಬಣ್ಣದಲ್ಲಿ ಮಳೆ, ಬಿಸಿಲು, ತಂಪು ಎಂದು ಮೂರು ಸಾಲು ಬರೆಸಿದ್ದರು. ಮಳೆ ಇಲ್ಲದ ದಿನ ಮೊದಲನೆಯ ಸಾಲಿನ ಮುಂದೆ ‘ಇಲ್ಲ’ ಎಂದು ಬರೆಯುವುದು. ನಮ್ಮ ಕಡೆ ಆ ಮಾತನ್ನು ಬಹಳ ಸಲ ಬರೆಯಬೇಕಾಗುತ್ತಿತ್ತು, ಹಾಗಾಗಿ ನನಗೆ ಮೊದಲು ಚೆಂದವಾಗಿ ಬರೆಯಲು ಬಂದ ಪದ ಅದೇ. ರಸ್ತೆಯ ಆಚೆ ಚುರಮುರಿ-ಮಿರ್ಚಿ ಮಾರುವ ಈರಪ್ಪ ಮಾಮಾ ದಿನವೂ ಅದನ್ನು ಓದಿ ಗಿರಾಕಿಗಳಿಗೆ ಹೇಳುತ್ತಿದ್ದ. ಸಂಡಿಗೆ ಹಾಕುವವರು, ಇಟ್ಟಂಗಿ ಭಟ್ಟಿಯವರು, ಮದುವೆಗೆ ಪೆಂಡಾಲು ಕಟ್ಟುವವರು ಗಾಡಿ ನಿಧಾನ ಮಾಡಿ ನೋಡಿ ಹೋಗುತ್ತಿದ್ದರು. ನಾಳೆ ಏನಾಗುತ್ತದೆ ಎಂದು ಹಲಗೆ ಹೇಳುತ್ತಿರಲಿಲ್ಲ, ನಿನ್ನೆ ಆದದ್ದನ್ನಷ್ಟೇ ಹೇಳುತ್ತಿತ್ತು. ಇದು ಗೊತ್ತಿದ್ದೂ ಎಲ್ಲರೂ ಓದುತ್ತಿದ್ದರು. ಹಲಗೆಯಿಂದ ಆಯಿಗೂ ಲಾಭವಿತ್ತು. ಓದಲು ನಿಂತವರು ಕಟ್ಟೆಯ ಮೇಲೆ ಕೂತ ಅವಳನ್ನು ಮಾತನಾಡಿಸದೆ ಹೋಗುತ್ತಿರಲಿಲ್ಲ.

ಆಯಿಗೆ ಮಾಪಕಗಳ ಮೇಲೆ ಸಿಟ್ಟಿರಲಿಲ್ಲ, ಕನಿಕರವಿತ್ತು. ಒಂದು ಬೇಸಿಗೆಯಲ್ಲಿ ನಮ್ಮ ಹಲಗೆಯ ‘ಬಿಸಿಲು’ ಇದ್ದಕ್ಕಿದ್ದಂತೆ ಇಳಿಯಿತು. ಊರೆಲ್ಲ ಕಾದ ಹಂಚಿನಂತಿರುವಾಗ ನಮ್ಮ ಅಂಗಳ ಮಾತ್ರ ಹುಕ್ಕೇರಿಯಂತೆ ತಂಪಾಗಿದೆ ಎಂದು ಅಂಕಿ ಹೇಳುತ್ತಿತ್ತು. ಅವ್ವ ಉಷ್ಣಮಾಪಕವನ್ನು ಹೊರಳಿಸಿ ನೋಡಿದಳು, ಪೆಟ್ಟಿಗೆಯ ಕಾಲು ಅಲ್ಲಾಡಿಸಿ ನೋಡಿದಳು. ಕೊನೆಗೆ ಒಂದು ಮಧ್ಯಾಹ್ನ ನಿದ್ದೆ ಬಿಟ್ಟು ಕಿಟಕಿಯಲ್ಲಿ ಕೂತಾಗ ಕಂಡದ್ದು ಇಷ್ಟು: ಆಯಿ ಒಂದು ಗೋಣಿತಾಟನ್ನು ನೀರಲ್ಲಿ ಅದ್ದಿ ತಂದು ಪೆಟ್ಟಿಗೆಗೆ ಹೊದಿಸಿ, ಸುತ್ತಲೂ ನೆಲಕ್ಕೆ ತಂಬಿಗೆಯಿಂದ ನೀರು ಚಿಮುಕಿಸಿ ಹೋದಳು.

“ಅತ್ತೀ, ಅದು ಬಿಸಿಲು ನೋಡಾಕಂತನ ಅಲ್ಲಿ ನಿಂತೈತಿ.”

“ಬಿಸಿಲು ನೋಡಾಕ ಬಿಸಿಲಾಗ ಸಾಯಬೇಕಂತ ಎಲ್ಲೈತಿ? ಒಳಗ ಪಾರಿ ಐತಂತ, ಗ್ಲಾಸ ಐತಂತ. ಒಡದ್ರ ನನ್ನ ಕಡೆ ಬಂದು ಅಳಬ್ಯಾಡ.”

ಪಾರಿ ಎಂದರೆ ಪಾದರಸ. ಅವ್ವ ಗೋಣಿಯನ್ನು ಹಿಂಡಿ ಒಣಹಾಕಿ, ತಾನು ಅಡುಗೆಮನೆಯ ಕ್ಯಾಲೆಂಡರಿನ ಚೌಕಗಳಲ್ಲಿ ಬರೆದಿಡುತ್ತಿದ್ದ ಅಷ್ಟೂ ದಿನದ ಬಿಸಿಲಿನ ಅಂಕಿಗಳನ್ನು ಅಡ್ಡಗೆರೆ ಎಳೆದು ಹೊಡೆದು ಹಾಕಿದಳು. ಅತ್ತೆ ಸೊಸೆಯ ನಡುವೆ ಆಗ ಬೇರೆ ಏನೂ ನಡೆಯಲಿಲ್ಲ. ಅವಳು ಗೆರೆ ಎಳೆದದ್ದನ್ನು ಆಯಿ ನೋಡಿದ್ದಳು ಎಂಬುದು ನನಗೆ ಮುಂದೆ ಗೊತ್ತಾಯಿತು.

ಜಗಳ ಬಂದದ್ದು ಕಾಕಾನ ಕಡೆಯಿಂದ. ಅದನ್ನು ಜಗಳ ಎನ್ನುವುದು ಪೂರ್ತಿ ಸರಿಯಲ್ಲ, ಕಾಕಾ ಎಂದೂ ದನಿ ಏರಿಸುತ್ತಿರಲಿಲ್ಲ. ಮೂಡಲಗಿ ತಾಲೂಕು ಆಗುತ್ತದೆ ಎಂಬ ಮಾತು ಆಗ ಪ್ರತಿ ವರ್ಷ ಎದ್ದು ಪ್ರತಿ ವರ್ಷ ಮಲಗುತ್ತಿತ್ತು. ಅದು ಎದ್ದಾಗಲೆಲ್ಲ ನಮ್ಮ ರಸ್ತೆಗೆ ಒಂದಿಷ್ಟು ಅಂಗಡಿಗಳು ಹೆಚ್ಚುತ್ತಿದ್ದವು. ಕಾಕಾನ ಮದುವೆಯ ಮಾತುಕತೆಯೂ ನಡೆದಿತ್ತು. ಹೆಣ್ಣಿನ ಕಡೆಯವರು ಬಂದು ಚಹಾ ಕುಡಿದು, ಹುಡುಗನ ಕೆಲಸ ಏನು ಎಂದು ಕೇಳುತ್ತಿದ್ದರು. ಅಣ್ಣನ ಅಂಗಡಿಯಲ್ಲಿ ಕೂರುತ್ತಾನೆ ಎಂದಾಗ ಕಪ್ಪು-ಬಸಿಯನ್ನು ಕೆಳಗಿಡುತ್ತಿದ್ದರು. ಒಂದು ರಾತ್ರಿ ಎಲ್ಲರೂ ಊಟಕ್ಕೆ ಕೂತಿದ್ದಾಗ, ಝುಣಕದ ಬೋಗುಣಿ ಕಾಕಾನ ಮುಂದೆ ಬಂದಾಗ, ಅವನು ಅದನ್ನು ಮುಟ್ಟದೆ ಹೇಳಿದ.

“ಅಂಗಳದಾಗ ರಸ್ತೇಕ ಹೊಂದಿ ಎರಡು ಅಂಗಡಿ ಆಗತಾವು. ಒಂದರಾಗ ನಾ ಕುಂದರತೇನಿ. ಅಣ್ಣನ ಗಲ್ಲಾಪೆಟಗಿ ಬಾಜೂಕ ಎಷ್ಟ ವರ್ಷ ಕುಂದರ್ಲಿ ಹೇಳ್ರಿ.”

ಅಪ್ಪ ರೊಟ್ಟಿ ಮುರಿಯುತ್ತ ಅವ್ವನ ಕಡೆ ನೋಡಿದ. ಅವ್ವ ನಿಧಾನವಾಗಿ ವಿವರಿಸಿದಳು. ಮಳೆಮಾಪಕದ ಹತ್ತಿರ ಗೋಡೆ ಬಂದರೆ ಅದು ಗಾಳಿಯನ್ನೂ ಹನಿಯನ್ನೂ ತಡೆಯುತ್ತದೆ, ಗೋಡೆ ಎಷ್ಟು ಎತ್ತರವೋ ಅದರ ಎರಡು ಪಟ್ಟು ದೂರ ಬಿಡಬೇಕು, ಅಂಗಡಿ ಕಟ್ಟಿದರೆ ಅಷ್ಟು ದೂರ ನಮ್ಮ ಅಂಗಳದಲ್ಲಿ ಎಲ್ಲಿಯೂ ಉಳಿಯುವುದಿಲ್ಲ.

“ಹಂಗಾರ ಆ ಡಬ್ಬಿಗೂ ಒಂದು ಕನ್ಯಾ ನೋಡಿ, ಬ್ಯಾರೆ ಮನಿ ಮಾಡಿ ಕೊಡೂಣ ವೈನಿ. ನನಕಿಂತ ಮೊದ್ಲ ಅದರ ಲಗ್ನ ಆಗಲಿ.”

ಎಲ್ಲರೂ ನಕ್ಕರು, ಅವ್ವನೂ ನಕ್ಕಳು. ಕಾಕಾ ಝುಣಕ ಬಡಿಸಿಕೊಂಡ. ಆದರೆ ಮಾತು ಮುಗಿದಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ಆಯಿ ಏನೂ ಹೇಳಿರಲಿಲ್ಲ, ಜಾಗ ಅವಳದು. ಅವ್ವ ಆ ಮನೆಗೆ ಬಂದ ಮೇಲೆ ತನಗಾಗಿ ಬೇಕೆಂದು ಇಟ್ಟುಕೊಂಡದ್ದು ಆ ಅಂಗಳದ ನಡುವಿನ ಒಂದು ಮಾರು ನೆಲವನ್ನು ಮಾತ್ರ. ಅದನ್ನು ಅವಳು ಬಾಯಿಬಿಟ್ಟು ಯಾರಿಗೂ ಹೇಳಲಿಲ್ಲ. ಕೇಳಿದ್ದರೆ ಎರಡು ಪಟ್ಟು ದೂರದ ನಿಯಮವನ್ನೇ ಮತ್ತೆ ಹೇಳುತ್ತಿದ್ದಳು.

ಆ ವರ್ಷ ಮಿರ್ಗಾ ಹೋಯಿತು, ಮೃಗಶಿರಾ ಮಳೆಗೆ ನಮ್ಮಲ್ಲಿ ಹಾಗೆನ್ನುತ್ತಾರೆ. ಅದರ ಬೆನ್ನಿಗೆ ಬರಬೇಕಾದ ಮಳೆಯೂ ಒಣಗಿಯೇ ಹೋಯಿತು. ನಾನು ದಿನವೂ ‘ಇಲ್ಲ’ ಎಂದು ಬರೆಯುತ್ತಿದ್ದೆ. ಅಷ್ಟರಲ್ಲಿ ಹುಕ್ಕೇರಿಯಲ್ಲಿ ಮಾವನ ಮಗಳನ್ನು ತೊಟ್ಟಿಲಿಗೆ ಹಾಕುವ ಕಾರ್ಯ ಬಂತು. ಅವ್ವ ಬ್ಯಾಗು ತುಂಬುವಾಗ ನನ್ನನ್ನು ಕರೆದು ಗ್ಲಾಸನ್ನು ಒಪ್ಪಿಸಿದಳು. ಅಪ್ಪನಿಗೆ ಅಂಗಡಿಯನ್ನು, ಆಯಿಗೆ ಅಡುಗೆಮನೆಯನ್ನು ಒಪ್ಪಿಸುವಾಗ ಇದ್ದ ದನಿಯೇ ನನ್ನ ಜೊತೆಗೂ ಇತ್ತು. ಅದು ನನಗೆ ಹಿಡಿಸಿತು.

ಅವಳು ಹೋದ ಮರುದಿನ, ನಾನು ಶಾಲೆಯಲ್ಲಿದ್ದಾಗ, ನಮ್ಮ ಓಣಿಗೆ ಗುರ್ಜಿ ಬಂತು. ಮಳೆ ತಡವಾದಾಗ ನಮ್ಮ ಕಡೆ ಸಗಣಿಯಿಂದ ಗುರ್ಜಿಯ, ಅಂದರೆ ಮಳೆ ಕರೆಯುವ ದೇವತೆಯ, ಸಣ್ಣ ಮೂರ್ತಿ ಮಾಡಿ, ಗರಿಕೆ ಸಿಕ್ಕಿಸಿ, ರೊಟ್ಟಿಯ ಹಂಚಿನ ಮೇಲಿಟ್ಟು ಒಬ್ಬರು ತಲೆಯ ಮೇಲೆ ಹೊತ್ತು ಮನೆ ಮನೆಗೆ ಬರುತ್ತಾರೆ. ಮನೆಯವರು ಒಂದು ಕೊಡ ನೀರು ತಂದು ಅದರ ಮೇಲೆ ಸುರಿಯಬೇಕು. ನೀರು ಬೀಳುವಾಗ ಹೊತ್ತವರು ಗರಗರ ತಿರುಗುತ್ತಾರೆ, ನೀರು ಹಂಚಿನ ಅಂಚಿನಿಂದ ನಾಲ್ಕೂ ದಿಕ್ಕಿಗೆ ಹಾರುತ್ತದೆ. ಆಮೇಲೆ ಮೊರದಲ್ಲಿ ಜೋಳದ ಹಿಟ್ಟು ನೀಡಿ ಕಳಿಸುತ್ತಾರೆ. ಆ ದಿನ ಗುರ್ಜಿ ಹೊತ್ತವಳು ಹಿಂದಿನ ಓಣಿಯ ಮಲ್ಲವ್ವ. ಅವಳು ಎಲ್ಲ ಮನೆಗಳಲ್ಲಿ ಮಾಡಿದಂತೆ ನಮ್ಮ ಕಟ್ಟೆಯ ಮುಂದೆ ನಿಂತಿದ್ದಳಂತೆ. ಕೊಡ ಎತ್ತಿದ ಆಯಿ ಅವಳನ್ನು ತಡೆದು ಅಂಗಳದ ನಡುವಿಗೆ ಕರೆದಳು.

“ಇಲ್ಲಿ ಬಾ, ಮಲ್ಲವ್ವ. ಈ ಡಬ್ಬಿ ಬಾಜೂಕ ನಿಂದರು. ಮಳಿ ಎಣಸೂ ಜಾಗಾ ಇದು. ಇಲ್ಲಿ ತಿರಗು.”

ಇದನ್ನು ನನಗೆ ಆಮೇಲೆ ಹೇಳಿದವನು ಈರಪ್ಪ ಮಾಮಾ. ಅವನು ಮಿರ್ಚಿ ಕರಿಯುವುದನ್ನು ಬಿಟ್ಟು ನೋಡಿದ್ದನಂತೆ. ಮಲ್ಲವ್ವ ಅಷ್ಟು ಚೆನ್ನಾಗಿ ಬೇರೆ ಯಾವ ಅಂಗಳದಲ್ಲೂ ತಿರುಗಲಿಲ್ಲ ಎಂದ.

ಮರುದಿನ ಬೆಳಿಗ್ಗೆ ನಾನು ಬಾಟಲಿ ತೆಗೆದಾಗ ಅದು ಭಾರವಾಗಿತ್ತು. ಅಂಗಳ ಒಣಗಿತ್ತು, ಆಕಾಶ ಬಿಳಿಚಿಕೊಂಡಿತ್ತು. ಗ್ಲಾಸಿಗೆ ಸುರಿದು, ನೆಲಕ್ಕೆ ಕೂತು, ತಗ್ಗನ್ನು ನೋಡಿದೆ. ಆರು ಮಿಲಿಮೀಟರ್. ಆಯಿ ಅವತ್ತು ಪೂಜೆ ಬೇಗ ಮುಗಿಸಿ ಕಟ್ಟೆಯ ಮೇಲೆ ಬಂದು ನಿಂತಿದ್ದಳು.

“ಆಯಿ, ರಾತ್ರಿ ಮಳಿ ಬಂದಿತ್ತೇನು?”

“ಗ್ಲಾಸಿನ್ಯಾಗ ನೀರು ಐತೋ ಇಲ್ಲೋ?”

“ಐತಿ.”

“ನಿಮ್ಮವ್ವ ಏನ ಹೇಳ್ಯಾಳ?”

“ಗ್ಲಾಸಿನ್ಯಾಗ ಎಷ್ಟ ಐತೋ ಅಷ್ಟ ಬರಿ ಅಂದಾಳ.”

“ಮತ್ತ? ಬರಿ.”

ಬರೆದೆ. ನಿಯಮದಲ್ಲಿ ಎಲ್ಲಿಯೂ ಬಿರುಕು ಕಾಣಲಿಲ್ಲ. ಈಗ ಯೋಚಿಸಿದರೆ ಅವ್ವನ ನಿಯಮಕ್ಕಿಂತ ಮೊದಲು ಇನ್ನೊಂದು ನಿಯಮ ಇರಬೇಕಿತ್ತು: ನೀರು ಎಲ್ಲಿಂದ ಬಂತು ಎಂದು ಕೇಳು. ಅದನ್ನು ಅವಳು ಹೇಳಿರಲಿಲ್ಲ. ಹೇಳಬೇಕಾದೀತು ಎಂದು ಹುಕ್ಕೇರಿಯಲ್ಲಿ ಬೆಳೆದವರಿಗೆ ಹೊಳೆಯುವುದೂ ಇಲ್ಲ. ಅಲ್ಲಿ ನೀರು ಮೇಲಿನಿಂದಲೇ ಬರುತ್ತದೆ.

ಶಾಲೆಯಿಂದ ಬರುವಷ್ಟರಲ್ಲಿ ಹಲಗೆಯ ಮುಂದೆ ಗುಂಪಿತ್ತು. ಈರಪ್ಪ ಮಾಮಾ ಮಿರ್ಚಿ ಎತ್ತುವ ಜಾರಿಯನ್ನು ಕೈಯಲ್ಲೇ ಹಿಡಿದುಕೊಂಡು ಬಂದು ನಿಂತಿದ್ದ.

“ಅವ್ವೀ, ಆರು ಮಿಲಿಮೀಟರ ಬರದಿ. ಎದುರಿಗೇ ಕುಂತೇನಿ ನಾ. ನನ್ನ ಬೋಳು ತೆಲಿ ಮ್ಯಾಲ ಒಂದ ಹನಿ ಬಿದ್ದಿದ್ರ ನನಗ ಗೊತ್ತಾಗತಿತ್ತಿಲ್ಲೋ?”

“ನಿನ್ನ ತೆಲಿ ಮ್ಯಾಲ ಬೀಳಾಕ ಮಳೀಗೂ ನಾಚಿಕಿ ಆಗಿರಬೇಕು,” ಎಂದು ಆಯಿ ಕಟ್ಟೆಯಿಂದ ಹೇಳಿದಳು.

ಗಂಡಸರು ನಕ್ಕು ಹೋದರು. ಹೆಂಗಸರು ನಗಲಿಲ್ಲ. ಸಂಜೆಯೊಳಗೆ ಮಾತು ತಿರುಗಿ ನಿಂತಿತು: ಆಯಿಯ ಅಂಗಳದಲ್ಲಿ ಗುರ್ಜಿ ಮಳೆ ಕೊಟ್ಟಿದೆ, ಹಲಗೆಯ ಮೇಲೆ ಬರೆದಿದ್ದಾರೆ. ಹಲಗೆ ಸುಳ್ಳು ಹೇಳುವುದಿಲ್ಲ ಎಂದು ಊರಿಗೆ ಕಲಿಸಿದವಳು ಅವ್ವನೇ. ಮಾರನೆಯ ದಿನ ಮಲ್ಲವ್ವನ ಗುಂಪು ಗುರ್ಜಿಯನ್ನು ನಮ್ಮ ಅಂಗಳದಿಂದಲೇ ಹೊರಡಿಸಿತು. ಯಾರೋ ಮಾಪಕಕ್ಕೆ ಕುಂಕುಮ ಹಚ್ಚಿದರು, ಯಾರೋ ಚೆಂಡುಹೂ ಇಟ್ಟರು. ಆ ಬೆಳಿಗ್ಗೆ ನಾನು ಬಿಸಿಲಿನ ಅಂಕಿ ಬದಲಿಸಿ ಮಳೆಯ ಸಾಲಿಗೆ ಬಟ್ಟೆ ತಂದಾಗ ಆಯಿ ನನ್ನ ಕೈ ಹಿಡಿದು, ಅದು ಇರಲಿ ಎಂದಳು. ಆ ರಾತ್ರಿ ಊಟದಲ್ಲಿ, ಯಾರೂ ಕೇಳದಿದ್ದರೂ, ಅವಳು ಕಾಕಾನಿಗೆ ಹೇಳಿದಳು.

“ಆ ಜಾಗಾದ ಮ್ಯಾಲ ಇನ್ನ ಬುನಾದಿ ಅಂತ ಬಾಯಾಗ ತರಬ್ಯಾಡ. ಗುರ್ಜಿ ನಿಂತ ನೆಲ ಅದು.”

ಕಾಕಾ ತಾಟು ನೋಡುತ್ತ ಕೂತ. ಅವನ ಮುಖದಲ್ಲಿ ಸಿಟ್ಟು ಇರಲಿಲ್ಲ. ಬಸ್ಸು ತಪ್ಪಿಸಿಕೊಂಡವನು ನಿಲ್ದಾಣದಲ್ಲಿ ಕೂತ ಹಾಗಿತ್ತು.

ಅವ್ವ ಬಂದದ್ದು ಅದರ ಮರುದಿನ ಸಂಜೆ. ಗೋಕಾಕದಲ್ಲಿ ಬಸ್ಸು ಬದಲಿಸುವಾಗ ಕೊಂಡ ಕರದಂಟಿನ ಪೊಟ್ಟಣ ಅವಳ ಕೈಯಲ್ಲಿತ್ತು. ಗೇಟಿನ ಹತ್ತಿರವೇ ನಿಂತಳು. ಹಲಗೆಯನ್ನು ನೋಡಿದಳು, ಕುಂಕುಮ ಹಚ್ಚಿದ ಮಾಪಕವನ್ನು ನೋಡಿದಳು, ನೆಲವನ್ನು ನೋಡಿದಳು. ಮಳೆ ಬಿದ್ದ ನೆಲಕ್ಕೆ ಹನಿಗಳ ಗುರುತಿರುತ್ತದೆ, ಕೊಡದ ನೀರು ಬಿದ್ದ ನೆಲಕ್ಕೆ ಹರಿದ ಗುರುತಿರುತ್ತದೆ. ಯಾರನ್ನೂ ಏನೂ ಕೇಳುವ ಮೊದಲೇ ಅವಳಿಗೆ ತಿಳಿದಿತ್ತು ಎಂದು ನನಗೆ ಅನ್ನಿಸುತ್ತದೆ. ಕೈಕಾಲು ತೊಳೆದು, ಸೆರಗು ಬಿಗಿದು, ಆಯಿಯ ಎದುರು ರೊಟ್ಟಿ ಬಡಿಯಲು ಕೂತಳು. ನಾನು ಒಲೆಯ ಬದಿಯಲ್ಲಿದ್ದೆ.

“ಅತ್ತೀ, ಅದು ಮಳಿ ಅಲ್ಲ.”

“ಮ್ಯಾಲಿಂದ ಬಿದ್ದ ನೀರು. ನಿನ್ನ ಡಬ್ಬಿ ಹಿಡದೈತಿ. ನಿನ್ನ ಮಗಳು ಅಳದಾಳ. ಇನ್ನ ಏನ ಬೇಕು?”

“ಕೊಡದಿಂದ ಬಿದ್ದದ್ದು.”

ಆಯಿ ಹಂಚಿನ ಮೇಲಿನ ರೊಟ್ಟಿಗೆ ನೀರು ಸವರಿ ಹೊರಳಿಸಿದಳು. ಮಾತಾಡುವ ಮೊದಲು ಅದು ಉಬ್ಬುವ ತನಕ ಕಾದಳು.

“ನೋಡು ಸುಮಾ, ನಾ ದಡ್ಡಿ ಅಲ್ಲ. ಆ ಜಾಗಾ ನಿನಗ ಬೇಕು ಅಂತ ನೀ ಯಾವತ್ತೂ ಬಾಯಿ ಬಿಟ್ಟ ಕೇಳಿಲ್ಲ. ಕೇಳಿದ್ರೂ ಒಬ್ಬ ಮಗನ್ನ ಬಿಟ್ಟು ಸೊಸಿಗೆ ಹೆಂಗ ಕೊಡ್ಲಿ? ಈಗ ಗುರ್ಜಿ ಕೇಳೈತಿ. ಗುರ್ಜಿಗೆ ಇಲ್ಲ ಅನ್ನಾಕ ನಿನ್ನ ಮೈದುನಗೂ ಆಗೂದಿಲ್ಲ. ಸುಮ್ಮನಿರು. ನಾಳಿಂದ ನಿನಗ ಬೇಕಾದ್ದ ಬರಕೋ. ಅದೊಂದ ಆರು ಅಲ್ಲೇ ಇರಲಿ.”

“ಆ ಆರನ್ನ ಹಂಗ ಬಿಟ್ರ ಉಳದದ್ದನ್ನ ಯಾರು ನಂಬತಾರ್ರಿ?”

“ಹಂಗಾರ ಒರಸು, ಆವತ್ತ ಕ್ಯಾಲೆಂಡರಿನ್ಯಾಗ ಬಿಸಿಲಿನ ಅಂಕಿ ಹೊಡದಂಗ. ನಾ ತಡಿಯೂದಿಲ್ಲ. ಆದ್ರ ಜಾಗಾದ ಮಾತಿಗೆ ಮತ್ತ ನನ್ನ ಕಡೆ ಬರಬ್ಯಾಡ.”

ಅಷ್ಟು ಹೊತ್ತಿಗೆ ಅಪ್ಪ, ಕಾಕಾ ಊಟಕ್ಕೆ ಬಂದರು. ಕರದಂಟಿನ ಪೊಟ್ಟಣ ಬಿಚ್ಚದೆ ಮೂಲೆಯಲ್ಲಿತ್ತು. ಅಪ್ಪನಿಗೆ ವಿಷಯ ಗೊತ್ತಿತ್ತು. ಆರು ಮಿಲಿಮೀಟರ್ ಯಾರಿಗೆ ಏನು ಮಾಡೀತು, ಬಿಡು ಎಂದ. ಅವನ ಮಾತಿನಲ್ಲಿ ಪ್ರೀತಿಯಿತ್ತು. ಅವ್ವನಿಗೆ ಬೇಕಾದದ್ದು ಅವಳಿಗೆ ಸಿಗಲಿ ಎಂದೇ ಅವನು ಹೇಳಿದ್ದು. ಕಾಕಾ ಮುರಿದ ರೊಟ್ಟಿಯನ್ನು ತಾಟಿನಲ್ಲೇ ಇಟ್ಟ. ಅವನು ಹಲಗೆಯನ್ನು ಗೇಲಿ ಮಾಡಿದಷ್ಟು ಮನೆಯಲ್ಲಿ ಯಾರೂ ಮಾಡಿರಲಿಲ್ಲ. ಆ ದಿನ ಗೇಲಿ ಇರಲಿಲ್ಲ.

“ವೈನಿ, ನೀವ ಹೇಳ್ರಿ. ಮಳಿ ಬಂದಿತ್ತೇನು? ನೀವು ಬಂದಿತ್ತು ಅಂದ್ರ ನಾ ಮತ್ತ ಆ ಜಾಗಾದ ಸುದ್ದಿ ತಗಿಯೂದಿಲ್ಲ. ಖರೇನ ಹೇಳಾಕತ್ತೇನಿ.”

ಆಯಿ ಅವ್ವನ ಮುಖ ನೋಡಿದಳು. ಅಪ್ಪನೂ ನೋಡಿದ. ಆ ಮನೆಯಲ್ಲಿ ಅವ್ವನ ಅಳತೆಯನ್ನು ಎಲ್ಲರಿಗಿಂತ ಹೆಚ್ಚು ನಂಬಿದವನು ಕಾಕಾ ಎಂದು ನನಗೆ ಅಂದು ತಿಳಿಯಿತು. ತನ್ನ ಅಂಗಡಿ, ತನ್ನ ಮದುವೆ, ಎರಡನ್ನೂ ಅವನು ಅವಳ ಒಂದು ಮಾತಿನ ಮೇಲೆ ಇಟ್ಟಿದ್ದ. ಬಂದಿತ್ತು ಎಂದರೆ ಸಾಕಿತ್ತು. ಅಂಗಳ ಅವಳದಾಗುತ್ತಿತ್ತು, ಅತ್ತೆಯ ಮಾತೂ ಉಳಿಯುತ್ತಿತ್ತು.

“ನಾಳೆ ಎಂಟೂವರೆಗೆ ಬೋರ್ಡ್ ನೋಡ್ರಿ,” ಎಂದು ಅವ್ವ ಅವನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು.

ಮರುದಿನ ಬೆಳಿಗ್ಗೆ ಅವ್ವ ಎಂದಿನಂತೆ ಅಂಗಳ ಗುಡಿಸಿ, ಮಾಪಕದಿಂದ ದೂರ ಸರಿದು ನೀರು ಚಿಮುಕಿಸಿ, ರಂಗೋಲಿ ಹಾಕಿದಳು. ಮಾಪಕದ ಬಾಯಿಯಲ್ಲಿ ಬಾಡಿದ್ದ ಚೆಂಡುಹೂಗಳನ್ನು ಒಂದೊಂದಾಗಿ ತೆಗೆದು, ಎಸೆಯದೆ, ಆಯಿಯ ಪೂಜೆಯ ತಟ್ಟೆಯ ಬದಿಗೆ ಇಟ್ಟು ಬಂದಳು. ಅಂಚಿನ ಕುಂಕುಮವನ್ನು ಒಣ ಬಟ್ಟೆಯಿಂದ ಒರೆಸಿದಳು. ಎಂಟೂವರೆಗೆ ಬಾಟಲಿ ತೆಗೆದು ಗ್ಲಾಸಿನ ಮೇಲೆ ಬೋರಲು ಹಿಡಿದಳು, ಏನೂ ಬೀಳಲಿಲ್ಲ. ಆದರೂ ಗ್ಲಾಸನ್ನು ನೆಲಕ್ಕಿಟ್ಟು, ಕೂತು, ಕಣ್ಣಿನ ಮಟ್ಟಕ್ಕೆ ನೋಡಿದಳು. ಆಮೇಲೆ ಒದ್ದೆ ಬಟ್ಟೆಯನ್ನೂ ಸೀಮೆಸುಣ್ಣವನ್ನೂ ನನಗೆ ಕೊಟ್ಟಳು. ಬರೆದವರು ತಿದ್ದಬೇಕು ಎಂದು ಅವಳು ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಕಾಕಾ ಹಲ್ಲುಜ್ಜುತ್ತ ಗೇಟಿನ ಹತ್ತಿರ ನಿಂತಿದ್ದ. ನಾನು ಆರನ್ನು ಒರೆಸಿ ‘ಇಲ್ಲ’ ಎಂದು ಬರೆದೆ. ಕೆಳಗೆ ಅವ್ವ ಹೇಳಿದಂತೆ ಇನ್ನೊಂದು ಸಾಲು ಸೇರಿಸಿದೆ: ಈ ವಾರ ಮಳೆ ಬಂದಿಲ್ಲ. ಕಾಕಾ ಅದನ್ನು ಓದಿ, ಬಾಯಿ ಮುಕ್ಕಳಿಸಿದ. ಅವ್ವ ಒಳಗಿನಿಂದ ಅಪ್ಪನ ಅಂಗಡಿಯ ಅಳತೆಯ ಟೇಪು ತಂದು ಅದರ ತುದಿಯನ್ನು ಅವನ ಕೈಗೆ ಕೊಟ್ಟಳು. ರಸ್ತೆಯ ಅಂಚಿನಿಂದ ಇಬ್ಬರೂ ಅಳೆಯುತ್ತ ಬಂದರು. ಎಲ್ಲಿಗೆ ಗೋಡೆ ಬರುತ್ತದೋ ಅಲ್ಲಿ ಅವಳು ರಂಗೋಲಿ ಪುಡಿಯಿಂದ ಗೆರೆ ಎಳೆದಳು. ಗೆರೆ ಮಾಪಕದ ಆಚೆಗೆ ಬಂತು. ಮಾಪಕ ಅಂಗಡಿಯ ಒಳಗೆ ಬಿತ್ತು.

ಆಯಿ ಪೂಜೆ ಮುಗಿಸಿ ಹೊಸ್ತಿಲಿಗೆ ಬಂದಳು. ಗೆರೆಯನ್ನು ನೋಡಿದಳು, ಹಲಗೆಯನ್ನು ನೋಡಿದಳು. ಅವಳ ಕಣ್ಣುಗಳು ಚೆನ್ನಾಗಿಯೇ ಇದ್ದವು.

“ಏನ ಬರದಿ, ಓದು.”

ನಾನು ಓದಿದೆ. ಅವಳು ರಸ್ತೆಯ ಆಚೆ ಎಣ್ಣೆ ಕಾಯಿಸುತ್ತಿದ್ದ ಈರಪ್ಪ ಮಾಮಾನ ಕಡೆಗೆ ಒಮ್ಮೆ ನೋಡಿ, ಕಟ್ಟೆಯ ಮೇಲೆ ತನ್ನ ಜಾಗದಲ್ಲಿ ಕೂತಳು.

“ಇಷ್ಟು ಸಣ್ಣ ಬರದ್ರ ರಸ್ತೇದ ಮಂದಿಗೆ ಕಾಣತೈತೇನು? ದೊಡ್ಡದಾಗಿ ಬರಿ.”

ನಾನು ಎಲ್ಲವನ್ನೂ ಒರೆಸಿ, ದೊಡ್ಡದಾಗಿ ಬರೆದೆ.